ಭರಣಿ ಮಳೆಗೆ ಹಾಕಿದ ಅವರೆ

ಬೀಜ ಹಾಕಿದ ಮೂರನೆಯ ದಿನಕ್ಕೇ ಮಣ್ಣು ಕೆದಕಿ ನೋಡುವುದು ನನ್ನ ಚಾಳಿ. ಮೊಳಕೆ ಬಂದಿದೆಯೋ ಇಲ್ಲವೋ ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ. ನೋಡಿದ ಮೇಲೆ ಮತ್ತೆ ಹಾಗೆಯೇ ಮುಚ್ಚುತ್ತೇನೆ. ಆದರೆ ಒಮ್ಮೆ ಕೆದಕಿದ ಬೀಜ ಮುನಿಸಿಕೊಂಡವರಂತೆ ಮೇಲೇಳುವುದೇ ಇಲ್ಲ. "ನೀನು ಇಡ್ಲಿ ಪಾತ್ರೆ ಮುಚ್ಚಳಾನೂ ಹಿಂಗೇ ತೆಗ್ದು ತೆಗ್ದು ನೋಡ್ತೀಯ, ಅದಕ್ಕೇ ನಮ್ಮನೆ ಇಡ್ಲಿ ಕಲ್ಲು" ಎಂದು ನನ್ನ ಗಂಡ ಹೇಳುತ್ತಾರೆ. ಇಡ್ಲಿಯ ವಿಷಯದಲ್ಲಿ ಅವರ ಮಾತು ಶುದ್ಧ ಸುಳ್ಳು. ಗಿಡದ ವಿಷಯದಲ್ಲಿ ನಾನು ವಾದಕ್ಕೆ ಹೋಗುವುದಿಲ್ಲ.

ನಮ್ಮದು ಬಸವನಗುಡಿಯ ಹಳೆಯ ಮನೆ. ಕೆಳಗೆ ನಾವಿಬ್ಬರು, ಮಹಡಿಯ ಮೇಲೆ ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಭಾವ ತೀರಿಕೊಂಡು ಕೆಲವು ವರ್ಷಗಳಾದವು. ಅಡುಗೆ ಬೇರೆ ಬೇರೆಯಾದರೂ ಹಿತ್ತಲು ಮಾತ್ರ ಯಾವತ್ತೂ ಒಂದೇ, ಮತ್ತು ಅದು ಯಾವತ್ತೂ ಅಕ್ಕನದೇ. ಹಿತ್ತಲೆಂದರೆ ದೊಡ್ಡದೇನಲ್ಲ. ಮನೆಯ ಪಕ್ಕದಲ್ಲಿ ಎಂಟು ಅಡಿ ಅಗಲದ ಒಂದು ಪಟ್ಟಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಒಂದಿಷ್ಟು ಜಾಗ. ಒಂದು ತೆಂಗು, ಒಂದು ಸೀಬೆ, ಕರಿಬೇವು, ದಾಸವಾಳ, ಗೋಡೆಗೆ ಒರಗಿದಂತೆ ಭಾವ ಹಳೆಯ ನೀರಿನ ಪೈಪುಗಳನ್ನು ಜೋಡಿಸಿ ಕಟ್ಟಿದ ಚಪ್ಪರ. ಆ ಚಪ್ಪರ ಅವರೆ ಬಳ್ಳಿಗೆಂದೇ ಮೀಸಲು.

ಆ ಅವರೆಯ ವಿಷಯ ಹೇಳಬೇಕು. ಅಕ್ಕನ ತವರು ಮಾಗಡಿ ರಸ್ತೆಯ ಆಚೆಗಿನ ಒಂದು ಹಳ್ಳಿ. ಮದುವೆಯಾಗಿ ಬರುವಾಗ ಅವರ ತಾಯಿ ಸೀರೆ ಪಾತ್ರೆಗಳ ಜೊತೆ ಒಂದು ತಗಡಿನ ಡಬ್ಬದಲ್ಲಿ ಬಿತ್ತನೆ ಅವರೆಯನ್ನೂ ಇಟ್ಟು ಕಳಿಸಿದ್ದರಂತೆ. ಅಂದಿನಿಂದ ಅಕ್ಕ ಪ್ರತಿ ವರ್ಷ ಆಷಾಢದಲ್ಲಿ ಬೀಜ ಹಾಕಿ, ಧನುರ್ಮಾಸದಲ್ಲಿ ಕಾಯಿ ಬಿಡಿಸಿ, ಕೊನೆಯ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಆ ಕಾಳಿಗೆ ಕೆಮ್ಮಣ್ಣು ಕದಡಿ ಬಳಿದು ಮತ್ತೆ ಡಬ್ಬಕ್ಕೆ ಸೇರಿಸುತ್ತಿದ್ದರು. ಮಣ್ಣು ಹತ್ತಿದ ಕಾಳಿಗೆ ಹುಳ ಬೀಳುವುದಿಲ್ಲ. ಮಾರುಕಟ್ಟೆಯ ಅವರೆಯಲ್ಲೂ ಸೊಗಡು ಇರುತ್ತದೆ. ಆದರೆ ಅಕ್ಕನ ಅವರೆಯ ಸೊಗಡೇ ಬೇರೆ. ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು, ಬಿಡಿಸಿದರೆ ಎರಡು ದಿನ ಬೆರಳಿನಿಂದ ವಾಸನೆ ಹೋಗದು. ಮೊದಲ ಕೊಯ್ಲಿನ ಕಾಳನ್ನು ನೆನೆಹಾಕಿ, ಸಿಪ್ಪೆ ಹಿತುಕಿ, ಬೇಳೆಯ ಸಾರು ಮಾಡಿ, ಕ್ಯಾರಿಯರಿಗೆ ಹಾಕಿಕೊಂಡು ಅಕ್ಕ ತ್ಯಾಗರಾಜನಗರದಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದರು. ತಮ್ಮ ಒಂದು ತುತ್ತು ಬಾಯಿಗಿಟ್ಟು, "ಬಾವಿ ಪಕ್ಕದ್ದು" ಎನ್ನುತ್ತಿದ್ದರು. ಪ್ರತಿ ವರ್ಷ ಅದೊಂದೇ ಮಾತು. ತವರಿನ ಆ ಬಾವಿಯೂ ಈಗಿಲ್ಲ, ಅವರೆ ಬೆಳೆಯುತ್ತಿದ್ದ ಪಕ್ಕದ ಹೊಲವೂ ಇಲ್ಲ. ಅಲ್ಲೀಗ ದೊಡ್ಡ ಬಡಾವಣೆ. ಬೀದಿಗೆ ಬೀದಿಯೇ ಗುರುತು ಸಿಗದ ಹಾಗಾಗಿದೆ ಎಂದು ಅಕ್ಕ ಒಮ್ಮೆ ಹೋಗಿ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೋದ ವರ್ಷ ಯುಗಾದಿ ಕಳೆಯುತ್ತಿದ್ದಂತೆ ಅಕ್ಕನ ಎರಡೂ ಮಂಡಿಗಳಿಗೆ ಆಪರೇಷನ್ ಎಂದಾಯಿತು. ಮೆಟ್ಟಿಲು ಹತ್ತುವಂತಿಲ್ಲವಾದ್ದರಿಂದ ಆರು ತಿಂಗಳು ತಮ್ಮನ ಮನೆಯಲ್ಲೇ ಇರುವುದೆಂದು ಮಾತಾಯಿತು. ಹೊರಡುವ ದಿನ ನನ್ನನ್ನು ಮೇಲೆ ಕರೆದು ಅಡುಗೆಮನೆಯ ಗೂಡಿನಲ್ಲಿದ್ದ ಡಬ್ಬ ತೋರಿಸಿದರು.

"ಈ ಸಲ ನೀನೇ ಹಾಕ್ಬೇಕು ಕಣೇ. ಆಷಾಢ ಬರೋವರ್ಗೂ ಮುಚ್ಚಳ ತೆಗೀಬೇಡ. ಹೋದ ಸಲ ಕುಡಿಗೆಲ್ಲ ಹೇನು ಬಿದ್ದು ಕಾಯೇ ಆಗ್ಲಿಲ್ಲ, ಇರೋದು ಇಷ್ಟೇ. ಇದು ಹೋದ್ರೆ ಇನ್ನೆಲ್ಲೂ ಸಿಗಲ್ಲ."

"ಅಷ್ಟೂ ಗೊತ್ತಾಗಲ್ವಾ ನನಗೆ? ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ ಅಕ್ಕ" ಎಂದೆ. ಆ ಮಾತು ಆಡಿದ ನಾಲಗೆ ನನ್ನದೇ ಎಂದು ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ.

ಅದೇ ಹೊತ್ತಿಗೆ ನಾನು ಕೆಲಸದಿಂದ ನಿವೃತ್ತಳಾಗಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಮೂವತ್ತು ವರ್ಷ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಕೂತು ಅಭ್ಯಾಸವಾದ ಮೈ. ಈಗ ಗಂಟೆ ಹೊಡೆಯುವವರೇ ಇಲ್ಲ. ಬೆಳಗಿನ ಕಾಫಿ ಆದ ಮೇಲೆ ಕೈಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಪೇಪರ್ ಓದಲು ಕೂತರೆ ಎರಡನೆಯ ಪುಟಕ್ಕೆ ಎದ್ದುಬಿಡುತ್ತಿದ್ದೆ. ನಿವೃತ್ತಿ ಎಂದರೆ ವಿಶ್ರಾಂತಿ ಎಂದು ಯಾರು ಹೇಳಿದರೋ, ಅವರು ನನ್ನಂಥವರನ್ನು ನೋಡಿರಲಿಲ್ಲ. ಹಾಗಾಗಿ ಅಕ್ಕನ ಹಿತ್ತಲು ನನ್ನ ಕೈಗೆ ಸಿಕ್ಕಿತು ಎಂದರೆ ಸರಿ. ಹಿತ್ತಲಿಗೆ ನಾನು ಸಿಕ್ಕಿದೆ ಎಂದರೆ ಇನ್ನೂ ಸರಿ.

ಹದಿನೈದು ದಿನದಲ್ಲಿ ನಾನು ಮಾಡದ ಸುಧಾರಣೆಯಿಲ್ಲ. ತೆಂಗಿನ ಬುಡಕ್ಕೆ ಪಾತಿ ಮಾಡಿ ಒಣಗಿದ ಎಲೆ ತುಂಬಿದೆ. ಮಲ್ಲಿಗೆ ಸವರಿದೆ, ಸವರುವ ಕಾಲ ಸಂಕ್ರಾಂತಿಗೇ ಮುಗಿದಿತ್ತು ಎಂದು ಆಮೇಲೆ ತಿಳಿಯಿತು. ಕುಂಡಗಳನ್ನು ಬಿಸಿಲಿನಿಂದ ನೆರಳಿಗೆ ತಂದೆ, ಎರಡು ದಿನ ಬಿಟ್ಟು ನೆರಳಿನಿಂದ ಬಿಸಿಲಿಗೆ ಒಯ್ದೆ. ಕಾವೇರಿ ನೀರು ಬರುವ ದಿನ ಬೆಳಗ್ಗೆ ಐದಕ್ಕೇ ಎದ್ದು, ಸಂಪು ತುಂಬುವ ಮೊದಲೇ ಪೈಪು ಹಿಡಿದು ನಿಲ್ಲುತ್ತಿದ್ದೆ. ಕಾಲುದಾರಿಗೆ ಇಟ್ಟಿಗೆ ಹಾಸಿದೆ. ತುಳಸಿ ಕುಂಡ ಮೂರು ಸಲ ಜಾಗ ಬದಲಾಯಿಸಿತು. "ಬೆಳಗ್ಗೆ ಎದ್ರೆ ತುಳಸಿ ಇವತ್ತು ಯಾವ ಕಡೆ ಇದಾಳೆ ಅಂತ ಹುಡುಕ್ಬೇಕು" ಎಂದು ನನ್ನ ಗಂಡ ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ಆ ಹೊತ್ತಿಗೆ ಚಪ್ಪರದ್ದೇ ಚಿಂತೆ ಹತ್ತಿತ್ತು. ಎಲ್ಲ ಕಡೆ ಏನಾದರೊಂದು ನಡೆಯುತ್ತಿರುವಾಗ ಅದೊಂದು ಬೋಳಾಗಿ ನಿಂತಿತ್ತು.

ಏಪ್ರಿಲ್ ಮುಗಿದು ಮೇ ಹಿಡಿದಿತ್ತು. ಒಂದು ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಎದ್ದು, ರಸ್ತೆಯ ಮಳೆಮರಗಳೆಲ್ಲ ತಲೆ ಕೊಡವಿ, ಧೋ ಎಂದು ಸುರಿಯಿತು. ಪಂಚಾಂಗ ನೋಡಿದರೆ ಭರಣಿ ಮಳೆ. ಅರ್ಧ ಗಂಟೆಯಲ್ಲಿ ನಿಂತೂ ಹೋಯಿತು. ಮಣ್ಣಿನಿಂದ ಆ ವಾಸನೆ ಎದ್ದು ಅಡುಗೆಮನೆಗೆ ಬಂತು. ನನಗೆ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಮಹಡಿ ಹತ್ತಿ ಡಬ್ಬ ತೆಗೆದೆ.

ನಾನು ಆಗ ಹಾಕಿದ ಲೆಕ್ಕ ಹೀಗಿತ್ತು. ಆಷಾಢದಲ್ಲಿ ಹಾಕಿದರೆ ಧನುರ್ಮಾಸಕ್ಕೆ ಕಾಯಿ. ಎರಡು ತಿಂಗಳು ಮುಂಚೆ ಹಾಕಿದರೆ ಎರಡು ತಿಂಗಳು ಮುಂಚೆ ಕಾಯಿ. ಅಂದರೆ ಅಕ್ಕ ವಾಪಸು ಬರುವ ಹೊತ್ತಿಗೆ ಚಪ್ಪರದ ತುಂಬ ಗೊಂಚಲು. ಅವರು ಗೇಟು ತೆಗೆದು ಒಳಗೆ ಬಂದಾಗ ಅವರ ಮುಖ ಹೇಗಾಗಬಹುದು ಎನ್ನುವುದನ್ನೂ ಅಲ್ಲೇ ನಿಂತು ನೋಡಿಬಿಟ್ಟೆ. ಎಂಟನೆಯ ಕ್ಲಾಸಿನ ಮಕ್ಕಳು ಇಂಥ ಲೆಕ್ಕ ಮಾಡಿಕೊಂಡು ಬಂದರೆ ನಾನು ಒಪ್ಪಿ ಸರಿ ಗುರುತು ಹಾಕುತ್ತಿದ್ದೆ. ಒಂದು ಹಿಡಿಯಾದರೂ ಉಳಿಸಬೇಕೆಂದು ಹೊಳೆಯಲಿಲ್ಲವೇ ಎಂದು ಕೇಳಬೇಡಿ. ಹೊಳೆಯಿತು. ಆದರೆ ಇದ್ದದ್ದೇ ಒಂದೂವರೆ ಹಿಡಿ, ಚಪ್ಪರ ಉದ್ದವಾಗಿತ್ತು, ಅರ್ಧಕ್ಕೆ ನಿಲ್ಲಿಸುವ ಸ್ವಭಾವ ನನ್ನದಲ್ಲ. ಅಷ್ಟನ್ನೂ ಹಾಕಿಬಿಟ್ಟೆ. ಡಬ್ಬವನ್ನು ತೊಳೆದು ಒಣಗಿಸಿ ಬೋರಲು ಹಾಕಿದೆ.

ಮೂರನೆಯ ದಿನ ಕೆದಕಿದೆ. ಐದನೆಯ ದಿನ ಮತ್ತೆ ಕೆದಕಿದೆ. ಕೆದಕಿದ್ದಕ್ಕೆ ಕೆಲವು ಕೊಳೆತವು, ಕೆಲವನ್ನು ಇರುವೆ ಒಯ್ದವು, ಕೆಲವಕ್ಕೆ ಮಳೆ ಸಾಲದೆ ನಾನು ಸುರಿದ ನೀರೇ ಜಾಸ್ತಿಯಾಯಿತು. ಕೊನೆಗೆ ನಿಂತದ್ದು ಐದು ಬಳ್ಳಿ. ನಾಲ್ಕು ಚಪ್ಪರದ ಬುಡದಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಐದು ಸಾಕು ಎಂದುಕೊಂಡೆ. ಆಗಲೂ ಭಯವಾಗಲಿಲ್ಲ.

ಆ ಬಳ್ಳಿಗಳು ಬೆಳೆದ ರೀತಿಯನ್ನು ನಾನು ಹೇಗೆ ಹೇಳಲಿ. ಜೂನಿನಲ್ಲಿ ಚಪ್ಪರ ತುಂಬಿತು. ಜುಲೈನಲ್ಲಿ ಸೀಬೆ ಮರ ಹತ್ತಿತು. ಅಲ್ಲಿಂದ ಬಟ್ಟೆ ಒಣಹಾಕುವ ತಂತಿ ಹಿಡಿದು, ಪಕ್ಕದ ಮನೆಯವರ ಪ್ಯಾರಾಪೆಟ್ಟಿಗೆ ಕೈ ಹಾಕಿತು. ನೀರಿನ ಮೀಟರು ಓದಲು ಬಂದವರು ಮೀಟರು ಎಲ್ಲಿದೆ ಎಂದು ಕೇಳುವಂತಾಯಿತು. ಎಲೆಗಳೋ, ಒಂದೊಂದೂ ಅಂಗೈ ಅಗಲ, ಕಪ್ಪು ಹಸಿರು. ಹೂವು ಮಾತ್ರ ಇಲ್ಲ. ಒಂದು ಮೊಗ್ಗಿಲ್ಲ. ಆಷಾಢ ಬಂತು, ಹೋಯಿತು. ಶ್ರಾವಣ ಬಂತು. ದಿನಕ್ಕೆ ಹತ್ತು ಸಲ ಹೋಗಿ ಎಲೆ ಎತ್ತಿ ನೋಡುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ಹೋಗಿ ನೋಡಿ ಬಂದು, ಎರಡು ಸಲ ಉಕ್ಕಿಸಿದೆ.

ನೀರು ಹೆಚ್ಚಾಯಿತೇನೋ ಎಂದು ನಿಲ್ಲಿಸಿದೆ. ಎಲೆ ಬಾಡಿತು, ಮತ್ತೆ ಹಾಕಿದೆ. ಬೇವಿನ ಹಿಂಡಿ ಹಾಕಿದೆ. ಹುಳಿ ಮಜ್ಜಿಗೆ ಚಿಮುಕಿಸಿದೆ. ಕುಡಿ ಚಿವುಟಿದರೆ ಹೂ ಬರುತ್ತದೆಂದು ಯಾರೋ ಹೇಳಿದರು, ಏಣಿ ಹತ್ತಿ ಕುಡಿ ಚಿವುಟಿದೆ. ಒಂದು ಚಿವುಟಿದ ಕಡೆ ಮೂರು ಚಿಗುರಿದವು. ದಿನಾ ಬೆಳಗ್ಗೆ ತಳ್ಳುಗಾಡಿಯಲ್ಲಿ ಸೊಪ್ಪು ತರುವ ಹೆಂಗಸು ಗೇಟಿನ ಹತ್ತಿರ ನಿಂತು ತಲೆ ಎತ್ತಿ ನೋಡಿ ನಕ್ಕಳು.

"ಏನ್ರಮ್ಮಾ, ನೀವೂ ಸೊಪ್ಪಿನ ವ್ಯಾಪಾರಕ್ಕೆ ಇಳುದ್ರಾ? ನಂಗೇ ಪೈಪೋಟಿನಾ?"

"ಹೂ ಯಾಕೆ ಬರ್ತಿಲ್ಲಮ್ಮ ಇದು?"

"ಚಳಿ ಬೀಳ್ದೆ ಎಲ್ ಬತ್ತದ್ರಮ್ಮಾ? ಅದ್ರ ಟೈಮ್‌ಗೆ ಅದು ಬತ್ತದೆ. ಸುಮ್ಕಿರಿ."

ಸುಮ್ಮನಿರಿ ಎನ್ನುವುದು ಎಷ್ಟು ಸುಲಭ. ಸುಮ್ಮನಿರುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಇದರ ಮೇಲೆ ಫೋನು. ಅಕ್ಕ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಮಂಡಿಯ ನೋವು, ಫಿಸಿಯೋಥೆರಪಿಯವರ ಕಾಟ, ತಮ್ಮನ ಹೆಂಡತಿ ಅನ್ನವನ್ನು ಮೆತ್ತಗೆ ಮಾಡುವುದು, ಎಲ್ಲ ಮುಗಿದ ಮೇಲೆ ಕೊನೆಗೆ ಅದೊಂದು ಪ್ರಶ್ನೆ ಬಂದೇ ಬರುತ್ತಿತ್ತು. ಆಷಾಢದ ಮೊದಲ ವಾರ, "ಹಾಕ್ದೇನೇ?" ಎಂದರು. "ಹಾಕ್ದೆ ಅಕ್ಕ" ಎಂದೆ. ಅದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಗೌರಿಹಬ್ಬದ ದಿನ, "ಎಷ್ಟೆತ್ತರ ಬಂದಿದ್ಯೇ ಈಗ?" ಎಂದು ಕೇಳಿದರು. ಕಿಟಕಿಯ ಹೊರಗೆ ಬಳ್ಳಿ ಮಹಡಿಯ ಸಜ್ಜಾ ಹಿಡಿದಿತ್ತು. "ಸೊಂಟದಷ್ಟು" ಎಂದೆ. "ಸರಿಯಾಗಿದೆ, ಹಂಗೇ ಇರ್ಬೇಕು" ಎಂದು ಅವರು ಸಂತೋಷಪಟ್ಟರು. ಫೋನು ಇಟ್ಟ ಮೇಲೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಒಂದು ಸುಳ್ಳು ಹೇಳಿ ಮುಗಿಯಿತೇ? ಆಮೇಲೆ ವಾರಕ್ಕೊಂದು ಗೇಣು ಲೆಕ್ಕ ಹಾಕಿ ಬಳ್ಳಿಯನ್ನು ಫೋನಿನಲ್ಲಿ ಬೆಳೆಸಬೇಕಾಯಿತು.

ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಗೆ ಭಾವನಿಗೆ ಎಡೆ ಇಡಬೇಕು, ಅದನ್ನು ತನ್ನ ಮನೆಯಲ್ಲೇ ಇಡಬೇಕು ಎಂದು ಅಕ್ಕ ಹಟ ಹಿಡಿದರಂತೆ. ಒಂದು ಬೆಳಗ್ಗೆ ಅವರ ತಮ್ಮ ಫೋನು ಮಾಡಿದರು.

"ನಾಳೆ ಬೆಳಗ್ಗೆ ಕರ್ಕೊಂಡ್ ಬರ್ತಿದೀನಿ. ಕೆಳಗಡೆ ಮುಂದಿನ ರೂಮಲ್ಲೇ ಮಲಗೋ ವ್ಯವಸ್ಥೆ ಮಾಡ್ಬಿಡಿ, ಮೆಟ್ಲು ಹತ್ತೋ ಹಾಗಿಲ್ಲ."

ಮುಂದಿನ ರೂಮಿನ ಕಿಟಕಿ ತೆರೆಯುವುದೇ ಚಪ್ಪರದ ಕಡೆಗೆ. ಸೊಂಟದೆತ್ತರದ ಬಳ್ಳಿ ನೋಡಲು ಬರುವವರಿಗೆ ಈ ಕಾಡನ್ನು ತೋರಿಸಿ ಏನು ಹೇಳಲಿ? ಮಂಚ ಸರಿಸಿದೆ, ಹಾಸಿಗೆ ಹಾಕಿದೆ, ಕಿಟಕಿಗೆ ಪರದೆ ಕಟ್ಟಿದೆ, ಪರದೆಯನ್ನು ಬಿಚ್ಚಿದೆ. ಹೂವೇ ಬಿಡದ ಬಳ್ಳಿ ಇದ್ದರೆಷ್ಟು ಬಿಟ್ಟರೆಷ್ಟು, ಹುಳ ಬಿತ್ತು ಅಂದರಾಯಿತು, ಮುಂದಿನ ವರ್ಷ ಎಲ್ಲಿಂದಾದರೂ ಬೀಜ ತಂದರಾಯಿತು ಎಂದು ಒಂದರ ಮೇಲೊಂದು ಯೋಚನೆ ಬಂದು, ನನಗೆ ನಾನೇ ಒಪ್ಪಿಗೆ ಕೊಟ್ಟುಕೊಂಡೆ. ಮಧ್ಯಾಹ್ನ ಊಟ ಮಾಡದೆ ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ಇಳಿದೆ.

ನಾಲ್ಕು ಬಳ್ಳಿಗಳನ್ನು ಬುಡಕ್ಕೇ ಕೊಯ್ದೆ. ಬುಡ ಹೆಬ್ಬೆರಳ ದಪ್ಪ ಇತ್ತು, ಒಂದೊಂದಕ್ಕೂ ಗರಗಸದ ಹಾಗೆ ಎಳೆಯಬೇಕಾಯಿತು. ಚಪ್ಪರದ ಮೇಲಿಂದ ಎಳೆದೆಳೆದು ಕೆಳಗೆ ಹಾಕಿದೆ. ಮೈಯೆಲ್ಲ ಹಸಿರು, ತಲೆಯೆಲ್ಲ ಕಸ. ಎಷ್ಟೋ ದಿನದ ಮೇಲೆ ಒಂದು ಕೆಲಸ ಮುಗಿಸುತ್ತಿದ್ದೇನೆ ಎನ್ನುವ ಹಗುರವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಐದನೆಯದಕ್ಕೆಂದು ಒಗೆಯುವ ಕಲ್ಲಿನ ಹತ್ತಿರ ಬಗ್ಗಿ, ಮೇಲಿನ ಹಂಬನ್ನೆಲ್ಲ ಕತ್ತರಿಸಿ, ಬುಡಕ್ಕೆ ಕುಡುಗೋಲು ಇಟ್ಟಿದ್ದೆ. ಆಗ ಸೊಪ್ಪಿನವಳು ಗೇಟು ತೆಗೆದುಕೊಂಡು ಒಳಗೇ ಬಂದಳು. ಬೆಳಗ್ಗೆ ತೆಗೆದುಕೊಂಡಿದ್ದ ಮೆಂತ್ಯದ ಕಟ್ಟನ್ನು ನಾನು ಗಾಡಿಯ ಮೇಲೆಯೇ ಮರೆತು ಬಂದಿದ್ದೆನಂತೆ, ಅದನ್ನು ಕೊಡಲು.

"ಅಯ್ಯಯ್ಯೋ, ಯಾಕ್ರಮ್ಮಾ ಕೊಯ್ದ್ರಿ?"

"ಹೂವೇ ಬರ್ಲಿಲ್ವಲ್ಲಮ್ಮ. ಎಷ್ಟು ದಿನ ಅಂತ ಕಾಯೋದು?"

ಅವಳು ಕೆಳಗೆ ಬಿದ್ದ ರಾಶಿಯಿಂದ ಒಂದು ಹಂಬು ಎತ್ತಿಕೊಂಡಳು. ತುದಿಯವರೆಗೆ ಬೆರಳಾಡಿಸಿ ಒಂದು ಕಡೆ ನಿಂತಳು. ಎಲೆ ಸರಿಸಿ ನನ್ನ ಮುಖದ ಹತ್ತಿರ ಹಿಡಿದಳು.

"ಇಲ್ ನೋಡಿ."

ಎಲೆಯ ಕಂಕುಳಿನಿಂದ ಒಂದು ಸಣ್ಣ ತೆನೆ ಹೊರಟಿತ್ತು. ಅದರ ತುಂಬ ಜೀರಿಗೆ ಕಾಳಿನಷ್ಟು ಮೊಗ್ಗು. ಇನ್ನೊಂದು ಹಂಬು ಎತ್ತಿದೆ, ಅದರಲ್ಲೂ ಇತ್ತು. ಮತ್ತೊಂದರಲ್ಲೂ ಇತ್ತು. ಪ್ರತಿ ತುದಿಯಲ್ಲೂ ಇತ್ತು. ಹಿಂದಿನ ಎರಡು ದಿನ ಮಹಾಲಯಕ್ಕೆಂದು ಮನೆ ತೊಳೆಯುವುದು, ಪೂಜೆ ಸಾಮಾನು ತರುವುದು ಎಂದು ಓಡಾಡುತ್ತ ನಾನು ಎಲೆ ಎತ್ತಿ ನೋಡಿರಲಿಲ್ಲ. ವರ್ಷವೆಲ್ಲ ನೋಡಿ ನೋಡಿ, ಆ ಎರಡೇ ದಿನ ನೋಡಿರಲಿಲ್ಲ.

ಭರಣಿಗೆ ಹಾಕಿದರೂ ಅದು ಆಷಾಢಕ್ಕೆ ಹಾಕಿದ ಹಾಗೆಯೇ ತನ್ನ ಕಾಲಕ್ಕೆ ಕಾದಿತ್ತು. ಹಗಲು ಗಿಡ್ಡವಾಗಿ, ಬೆಳಗಿನ ಗಾಳಿಗೆ ಸ್ವಲ್ಪ ತಣುವು ಬಂದ ಕೂಡಲೇ ಮೊಗ್ಗು ಕಟ್ಟಿತ್ತು. ನನ್ನ ಲೆಕ್ಕ ಅದಕ್ಕೆ ಗೊತ್ತೇ ಇರಲಿಲ್ಲ. ಸೊಪ್ಪಿನವಳು ನನ್ನ ಕೈಯಿಂದ ಕುಡುಗೋಲನ್ನು ತೆಗೆದುಕೊಂಡು ಕಲ್ಲಿನ ಮೇಲಿಟ್ಟಳು. ಮೆಂತ್ಯದ ಕಟ್ಟನ್ನು ಅದರ ಪಕ್ಕದಲ್ಲಿಟ್ಟು ಹೊರಟುಹೋದಳು. ನಾನು ಹುಚ್ಚಿಯ ಹಾಗೆ ಕೊಯ್ದ ಬಳ್ಳಿಗಳ ಬುಡವನ್ನು ಬಕೆಟ್ ನೀರಿನಲ್ಲಿ ನಿಲ್ಲಿಸಿದೆ. ಸಂಜೆಯ ಹೊತ್ತಿಗೆ ಎಲೆಗಳೆಲ್ಲ ಜೋತುಬಿದ್ದವು.

ಮರುದಿನ ಅಕ್ಕ ವಾಕರ್ ಹಿಡಿದು ಬಂದರು. ತಮ್ಮ ಬ್ಯಾಗು ಹಿಡಿದು ಹಿಂದೆ ಬರುತ್ತಿದ್ದರು. ಅಕ್ಕ ಮನೆಯೊಳಗೆ ಹೋಗಲಿಲ್ಲ. ಗೇಟಿನಿಂದ ನೇರ ಹಿತ್ತಲಿನ ಕಡೆ ತಿರುಗಿದರು. ನಾನು ಹಿಂದೆಯೇ ಓಡಿದೆ. ಬೋಳು ಚಪ್ಪರದ ಮುಂದೆ ನಿಂತರು.

"ಹುಳ ಬಿತ್ತು ಅಕ್ಕ" ಎಂದೆ. ಅವರು ಕೇಳುವ ಮೊದಲೇ ಹೇಳಿಬಿಟ್ಟಿದ್ದೆ.

ಅಕ್ಕ ಬಗ್ಗುವ ಹಾಗಿರಲಿಲ್ಲ. ವಾಕರಿನ ತುದಿಯಿಂದ ಕಸ ಸರಿಸಿ, ಕೊಯ್ದ ಬುಡವನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ಯಾವ ಮಳೆಗೆ ಹಾಕ್ದೆ?"

ನಾನು ಸುಮ್ಮನಿದ್ದೆ. ಬಹುಶಃ ಜೀವನದಲ್ಲಿ ಮೊದಲ ಸಲ.

"ಆಷಾಢದ ಬಳ್ಳಿ ಬುಡ ಇಷ್ಟ್ ದಪ್ಪ ಆಗಲ್ಲ. ಯಾವ ಮಳೆಗೆ ಹಾಕ್ದೆ ಹೇಳೇ?"

"ಭರಣಿಗೆ."

ಅವರು ಬಯ್ಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿ, ಅತ್ತು, ಅಲ್ಲಿಗೆ ಮುಗಿಯುತ್ತಿತ್ತು. ವಾಕರ್ ತಿರುಗಿಸಿಕೊಂಡು ಒಳಗೆ ಹೋದರು. ಮೂರು ದಿನ ಕಾಫಿ ಬೇಕು, ಸಾಕು ಎನ್ನುವುದನ್ನು ಬಿಟ್ಟು ಮಾತಾಡಲಿಲ್ಲ. ಭಾವನಿಗೆ ಎಡೆ ಇಟ್ಟೆವು, ಕಾಗೆಗೆ ಅನ್ನ ಇಟ್ಟೆವು. ನಾನು ಮನೆಯಲ್ಲಿ ಒರೆಸಿದ್ದನ್ನೇ ಒರೆಸುತ್ತ ತಿರುಗುತ್ತಿದ್ದೆ. ಮೂರನೆಯ ದಿನ ಸಂಜೆ ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಅವರು ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದರು.

"ನಮ್ಮಮ್ಮ ಕೊಟ್ಟಿದ್ದು ಕಣೇ ಅದು. ಸೀರೆ ಹರಿದೋಯ್ತು, ಪಾತ್ರೆ ಸೊಟ್ಟಾಯ್ತು, ಹೊಲ ಹೋಯ್ತು. ಇದೊಂದು ವರ್ಷ ವರ್ಷಾನೂ ಹೊಸದಾಗ್ತಿತ್ತು."

ನನಗೆ ಅಳು ಬಂತು. ಎಣ್ಣೆ ಕೈಯಲ್ಲಿ ಕಣ್ಣೊರೆಸಿಕೊಳ್ಳಲೂ ಆಗದೆ ಹಾಗೆಯೇ ಕಾಲು ಉಜ್ಜುತ್ತಿದ್ದೆ. ಆಮೇಲೆ ಕಲ್ಲಿನ ಪಕ್ಕದ ಬಳ್ಳಿಯ ವಿಷಯ ಹೇಳಿದೆ. ಮೇಲಿನದೆಲ್ಲ ಹೋಗಿ ಮೊಣಕಾಲೆತ್ತರ ಉಳಿದಿದೆ, ಬುಡ ಕೊಯ್ದಿಲ್ಲ ಎಂದೆ. ಅಕ್ಕ ಮೊದಲ ಸಲ ನನ್ನ ಕಡೆ ತಿರುಗಿದರು.

"ಅದನ್ನ ಮುಟ್ಬೇಡ. ನೀರೂ ಹಾಕ್ಬೇಡ. ನಾನು ಹೇಳೋವರ್ಗೂ ಆ ಕಡೆ ಹೋಗ್ಲೇಬೇಡ."

ಅಲ್ಲಿಂದ ಮುಂದಿನ ಮೂರು ನಾಲ್ಕು ತಿಂಗಳಷ್ಟು ಕಷ್ಟದ ತಿಂಗಳುಗಳನ್ನು ನಾನು ಕಂಡಿಲ್ಲ. ಅಕ್ಕನ ಮಂಚವನ್ನು ಕಿಟಕಿಗೆ ಸರಿಸಿ ಕೊಟ್ಟಿದ್ದೆವು. ಚಪ್ಪರ ಬೋಳಾದ ಮೇಲೆ ಅಲ್ಲಿಂದ ಒಗೆಯುವ ಕಲ್ಲಿನವರೆಗೂ ಕಾಣುತ್ತಿತ್ತು, ಅವರು ಅಲ್ಲಿಂದಲೇ ಕಾವಲು. ನಾನು ಬಟ್ಟೆ ಒಗೆಯುವ ನೆಪದಲ್ಲಿ ಕಲ್ಲಿನ ಹತ್ತಿರ ಸುಳಿದರೆ, ಒಳಗಿನಿಂದ "ಏಯ್" ಎಂದು ಕೇಳುತ್ತಿತ್ತು. ದೀಪಾವಳಿಗೆ ಎರಡು ಚಿಗುರು ಬಂದವು. ಕಡಲೆಕಾಯಿ ಪರಿಷೆಗೆ ಬೀದಿಯೆಲ್ಲ ಜನವೋ ಜನ, ನಾನು ಮಾತ್ರ ಬಾಗಿಲಲ್ಲಿ ನಿಂತು ಕತ್ತು ಉದ್ದ ಮಾಡಿ, ಆ ಎರಡು ಚಿಗುರಿನಲ್ಲಿ ಬೆಳ್ಳಗೆ ಕಂಡದ್ದು ಹೂವೋ ಎಲೆಯ ಬೆನ್ನೋ ಎಂದು ನೋಡುತ್ತಿದ್ದೆ. ಹೂವೇ. ಹೇನು ಬಿದ್ದೀತೆಂದು ನಿದ್ದೆ ಬರಲಿಲ್ಲ. ಬೂದಿ ಎರಚಲೇ ಎಂದು ಕೇಳಿದೆ. "ನಿನ್ ಕೈಲಿ ಬೇಡ" ಎಂದು ಅಕ್ಕ ತಾವೇ ವಾಕರ್ ಹಿಡಿದು ಹೋಗಿ, ಒಂದೊಂದು ಎಲೆಗೂ ಬೂದಿ ಹಾಕಿ ಬಂದರು. ಆಪರೇಷನ್ ಆದ ಮೇಲೆ ಅವರು ತಾವಾಗಿ ಅಷ್ಟು ದೂರ ನಡೆದದ್ದು ಅದೇ ಮೊದಲು.

ಧನುರ್ಮಾಸಕ್ಕೆ ಹದಿನಾಲ್ಕು ಕಾಯಿ ನಿಂತವು. ಒಂದನ್ನೂ ಬಿಡಿಸುವ ಹಾಗಿಲ್ಲ. ಎಲ್ಲವೂ ಬೀಜಕ್ಕೆ, ಬಳ್ಳಿಯಲ್ಲೇ ಒಣಗಬೇಕು. ಹಾಗಾಗಿ ಆ ವರ್ಷ ಗಾಂಧಿ ಬಜಾರಿನಿಂದ ಅವರೆಕಾಯಿ ತಂದೆವು. ಅಕ್ಕ ಹಾಸಿಗೆಯ ಮೇಲೆ ಕೂತು ಕಾಳು ಹಿತುಕಿದರು, ನಾನು ಸಾರು ಮಾಡಿದೆ. ತಮ್ಮನೇ ನಮ್ಮ ಮನೆಗೆ ಬಂದರು. ಅವರಿಗೆ ಏನೂ ಹೇಳಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟರು. ಇನ್ನೊಂದು ತುತ್ತು ತಿಂದರು. "ಚೆನ್ನಾಗಿದೆ" ಎಂದರು. ಕೈ ತೊಳೆದುಕೊಂಡು ಬಂದು, ಮಾತಾಡುತ್ತಲೇ ಬೆರಳನ್ನು ಮೂಗಿನ ಹತ್ತಿರ ಒಯ್ದು, ಕೆಳಗಿಳಿಸಿದರು. ಬಾವಿಯ ಮಾತು ಆಡಲಿಲ್ಲ. ಅಕ್ಕ ತಲೆ ಬಗ್ಗಿಸಿ ಸೀರೆಯ ಅಂಚು ಸರಿಮಾಡಿಕೊಳ್ಳುತ್ತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಶಿವರಾತ್ರಿಗೆ ಮುಂಚೆ ಕಾಯಿಗಳು ಒಣಗಿ ಗಲಗಲ ಎನ್ನತೊಡಗಿದವು. ಅಕ್ಕನ ಅಪ್ಪಣೆ ಸಿಕ್ಕಿತು. ನಾನು ಬಿಡಿಸಿ ತಂದು ಮೊರದಲ್ಲಿ ಹಾಕಿದೆ. ಎರಡು ಕಾಯಿಗೆ ಹುಳ ಬಿದ್ದಿತ್ತು. ಉಳಿದವುಗಳಿಂದ ಬಂದ ಕಾಳು ಒಂದು ಹಿಡಿಯೂ ತುಂಬಲಿಲ್ಲ. ಅಕ್ಕ ಒಂದು ಬಟ್ಟಲಿನಲ್ಲಿ ಕೆಮ್ಮಣ್ಣು ಕದಡಿ, ಕಾಳುಗಳನ್ನು ಅದರಲ್ಲಿ ಹೊರಳಿಸಿ, ಕಿಟಕಿಯ ಬಿಸಿಲಿಗೆ ಪೇಪರಿನ ಮೇಲೆ ಹರಡಿದರು. ಒಣಗಿದ ಮೇಲೆ ಡಬ್ಬಕ್ಕೆ ತುಂಬಿ, ಮುಚ್ಚಳ ಒತ್ತಿ ನನ್ನ ಕೈಗೆ ಕೊಟ್ಟರು.

ನಾನು ಹಿಂದೆ ಸರಿದೆ. "ನನ್ ಕೈಗೆ ಬೇಡಿ ಅಕ್ಕ. ನಿಮ್ಮ ತಲೆದಿಂಬಿನ ಹತ್ರಾನೇ ಇಟ್ಕೊಳ್ಳಿ. ನನ್ನ ನಂಬಬೇಡಿ."

"ನಂಬಿಕೆ ಎಲ್ಲಿಂದ ಬಂತೇ?" ಎಂದರು ಅಕ್ಕ. "ನನ್ ಕೈಲಿ ಬಗ್ಗೋಕಾಗಲ್ಲ. ನಿನ್ ಕೈಲಿ ಸುಮ್ನಿರಕ್ಕಾಗಲ್ಲ. ಈ ಮನೇಲಿರೋದು ಇವೆರಡೇ ಕೈ. ತಗೋ."

ತೆಗೆದುಕೊಂಡೆ. ಕೆಳಗಿನ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇಟ್ಟೆ. ಅಲ್ಲಿದ್ದರೆ ದಿನಾ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ಕಡೆ ಇಟ್ಟರೆ ನಾನು ತೆಗೆದು ನೋಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಈ ವರ್ಷ ಯುಗಾದಿ ಮುಗಿದು ತಿಂಗಳಾಯಿತು. ಚಪ್ಪರದ ಬುಡಕ್ಕೆ ಗೊಬ್ಬರ ಹಾಕಿ ಅಗೆದಿದ್ದೇನೆ. ಮೂರು ಸಲ ಅಗೆದಿದ್ದೇನೆ. ಸಡಿಲವಾಗಿದ್ದ ಪೈಪಿಗೆ ತಂತಿ ಕಟ್ಟಿದೆ, ಪೈಪಿಗೆಲ್ಲ ಬಣ್ಣ ಬಳಿದೆ, ಇಟ್ಟಿಗೆಯ ದಾರಿಯನ್ನು ಕಿತ್ತು ವಾಕರ್ ಜಾರದ ಹಾಗೆ ಕಡಪಾ ಕಲ್ಲು ಹಾಕಿಸಿದೆ. ಮಾಡಲು ಇನ್ನೇನೂ ಉಳಿದಿಲ್ಲ. ಮೊನ್ನೆ ಮಧ್ಯಾಹ್ನ ಮತ್ತೆ ಹಾಗೆಯೇ ಗಾಳಿ ಎದ್ದು, ಕತ್ತಲು ಕವಿದು, ಮಳೆ ಬಂತು. ಮಣ್ಣಿನ ವಾಸನೆ ಅಡುಗೆಮನೆಗೆ ನುಗ್ಗಿತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳಿಗೆ ಕಾಲು ನಿಲ್ಲಲಿಲ್ಲ. ಒಲೆ ಆರಿಸಿದೆ. ಹಿಂಬಾಗಿಲ ತನಕ ಹೋದೆ, ವಾಪಸು ಬಂದೆ. ಗೂಡಿನ ಮುಂದೆ ನಿಂತೆ. ಉಪ್ಪಿನ ಜಾಡಿ ಸರಿಸಿದೆ.

ಮುಂದಿನ ರೂಮಿನಿಂದ ಮಳೆಯ ಸದ್ದಿನ ಮೇಲೆ ಅಕ್ಕನ ಧ್ವನಿ ಬಂತು.

"ಡಬ್ಬ ಎಲ್ಲಿದ್ಯೇ?"

"ಇಲ್ಲೇ ಇದೆ ಅಕ್ಕ" ಎಂದೆ. ನಂಬಿಕೆ ಬರಲೆಂದು ಡಬ್ಬವನ್ನು ಎತ್ತಿ, ಅವರಿಗೆ ಕೇಳುವ ಹಾಗೆ ಒಮ್ಮೆ ಜೋರಾಗಿ ಗಲಗಲ ಅ‌ನ್ನಿಸಿದೆ.

"ಅಲ್ಲಾಡಿಸ್ಬೇಡ್ವೇ, ಮಣ್ಣು ಉದುರುತ್ತೆ!"

ಕೈ ಅಲ್ಲೇ ನಿಂತಿತು. ಡಬ್ಬವನ್ನು ಮೆತ್ತಗೆ ಇದ್ದಲ್ಲೇ ಇಟ್ಟು, ಉಪ್ಪಿನ ಜಾಡಿಯನ್ನು ಅದರ ಮುಂದಕ್ಕೆ ಎಳೆದೆ. ಆಷಾಢಕ್ಕೆ ಇನ್ನೂ ಎರಡು ತಿಂಗಳಿದೆ.